ಬೇಸಿಗೆಯಲ್ಲಿ ಮೇಯಲು ಹೋಗುವ ಗಬ್ಬದ ಹಸುವಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು

ಶ್ರಾವಣದ ಹಸಿರಿನಲ್ಲಿ ಬೆದೆಗೆ ಬಂದು ಗಬ್ಬ ನಿಂತ ಹಸು ವೈಶಾಖ ಮುಗಿಯುವ ಹೊತ್ತಿಗೆ ಈಯುತ್ತದೆ. ಹಾಗಾಗಿ ಅದರ ಕೊನೆಯ ಮೂರು ತಿಂಗಳು ಫೆಬ್ರುವರಿಯಿಂದ ಮೇ ನಡುವೆ ಬೀಳುತ್ತವೆ. ಗೋಮಾಳದಲ್ಲಿ ಒಣಕಡ್ಡಿ ಬಿಟ್ಟು ಬೇರೇನೂ ಇಲ್ಲದ ಕಾಲ ಅದು. ಕರುವಿನ ಹುಟ್ಟುತೂಕದ ಸುಮಾರು ಮೂರನೇ ಎರಡು ಭಾಗ ಕೂಡುವುದೂ ಆ ಮೂರು ತಿಂಗಳಲ್ಲೇ. ಒಳಗೆ ಬೇಡಿಕೆ ಏರುತ್ತಿರುತ್ತದೆ, ಹೊರಗೆ ಮೇವು ಇಳಿಯುತ್ತಿರುತ್ತದೆ. ತುಮಕೂರು, ಹಾಸನ, ಚಿತ್ರದುರ್ಗದ ಬಯಲಿನಲ್ಲಿ ದನ ಕಟ್ಟಿದವರಿಗೆ ಈ ಇಕ್ಕಟ್ಟು ಹೊಸದೇನಲ್ಲ.

ಕೊಟ್ಟಿಗೆಯಲ್ಲೇ ನಿಂತು ಹಾಲು ಕೊಡುವ ಮಿಶ್ರತಳಿ ಹಸುವಿನ ವಿಷಯ ಇಲ್ಲಿಲ್ಲ. ಹಗಲೆಲ್ಲ ಮೇಯಲು ಹೋಗುವ, ಕರುವೇ ಆದಾಯವಾಗಿರುವ ಹಸುವಿನ ವಿಷಯ ಇದು. ನಮ್ಮ ನಾಡತಳಿ ಹಳ್ಳಿಕಾರ್ ಹಸುವಿನಿಂದ ಬಿಂದಿಗೆ ಹಾಲನ್ನು ಯಾರೂ ನಿರೀಕ್ಷಿಸುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೋ ಸಿದ್ಧಗಂಗೆಯ ಜಾತ್ರೆಗೋ ಹೊಡೆದುಕೊಂಡು ಹೋಗಲು ಗಟ್ಟಿ ಮೈಯ ಹೋರಿಗರು ಬೇಕು, ಅಷ್ಟೇ. ಆ ಹೋರಿಗರುವಿನ ಮೈಗೆ ಬುನಾದಿ ಬೀಳುವುದು ತಾಯಿಯ ಹೊಟ್ಟೆಯಲ್ಲಿ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಸು ತುಂಬು ಗಬ್ಬದಲ್ಲಿದ್ದಾಗ ದಿನಕ್ಕೊಂದು ಬಕೆಟ್ ರಾಗಿ ಅಂಬಲಿ ಕುಡಿಸುತ್ತಿದ್ದೆ. ಬಸುರಿಗೆ ಗಂಜಿ ಕೊಟ್ಟಂತೆ ಎಂಬ ಭಾವನೆ. ಹಸುವೂ ಪ್ರೀತಿಯಿಂದಲೇ ಹೀರುತ್ತಿತ್ತು. ಆದರೆ ಏಪ್ರಿಲ್ ಬರುವಷ್ಟರಲ್ಲಿ ಅದರ ಪಕ್ಕೆಲುಬುಗಳನ್ನು ದಾರಿಯಲ್ಲಿ ಹೋಗುವವರೂ ಎಣಿಸಬಹುದಾಗಿತ್ತು. ಅಂಬಲಿ ಶುರುವಾದ ಮೇಲೆ ಅದು ಹುಲ್ಲು ತಿನ್ನುವುದನ್ನೇ ಕಡಿಮೆ ಮಾಡಿತ್ತು. ನಾನದನ್ನು ಗಮನಿಸಿರಲಿಲ್ಲ. ಹುಟ್ಟಿದ ಕರು ಎದ್ದು ನಿಲ್ಲಲು ಬಹಳ ಹೊತ್ತು ತೆಗೆದುಕೊಂಡಿತು. ತಾಯಿಯ ಗಿಣ್ಣು ಹಾಲು ಒಂದು ಲೋಟಕ್ಕೂ ಸಾಲದಾಗಿತ್ತು. ಆ ಹಸು ಮತ್ತೆ ಬೆದೆಗೆ ಬಂದದ್ದು ಮುಂದಿನ ವರ್ಷ.

ತಪ್ಪಿದ್ದದ್ದು ಎಲ್ಲಿ ಎಂಬುದು ಆಮೇಲೆ ತಿಳಿಯಿತು. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವುದು ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವು ಬದುಕಲು ಮೇವಿನಲ್ಲಿ ಕನಿಷ್ಠ ಶೇ. 7ರಷ್ಟು ಪ್ರೋಟೀನ್ ಬೇಕು. ಮಾರ್ಚ್ ತಿಂಗಳ ಒಣಹುಲ್ಲಿನಲ್ಲಿ, ಭತ್ತದ ಹುಲ್ಲಿನಲ್ಲಿ, ರಾಗಿ ಹುಲ್ಲಿನಲ್ಲಿ ಇರುವುದು ಶೇ. 3ರಿಂದ 5. ಜೀವಿಗಳು ಸೊರಗಿದರೆ ಹುಲ್ಲು ಹೊಟ್ಟೆಯಲ್ಲೇ ದಿನಗಟ್ಟಲೆ ಕುಳಿತಿರುತ್ತದೆ. ಜಾಗ ಖಾಲಿಯಾಗದ ಕಾರಣ ಹಸು ಇನ್ನಷ್ಟು ತಿನ್ನುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಮೈ ಕರಗುತ್ತಿರುತ್ತದೆ. ಈ ಸ್ಥಿತಿಯಲ್ಲಿ ರಾಗಿ, ಅಕ್ಕಿ, ಮುಸುಕಿನ ಜೋಳದ ಹಿಟ್ಟು ಸುರಿದರೆ ಹುಲ್ಲು ಅರಗಿಸುವ ಜೀವಿಗಳು ಇನ್ನಷ್ಟು ಹಿಂದೆ ಬೀಳುತ್ತವೆ. ಅದೇ ಅರ್ಧ ಕಿಲೋ ಹಿಂಡಿ ಕೊಟ್ಟು ನೋಡಿ, ಹಸು ಅದೇ ಒಣಹುಲ್ಲನ್ನು ಹೆಚ್ಚು ತಿನ್ನುತ್ತದೆ, ಹೆಚ್ಚು ಅರಗಿಸುತ್ತದೆ. ಗಡಿಗೆ ಹಾಲಿಗೆ ಒಂದು ಚಮಚ ಹೆಪ್ಪು ಸಾಕಾಗುವುದಿಲ್ಲವೇ, ಹಾಗೆ.

ಉತ್ತರ ಆಸ್ಟ್ರೇಲಿಯಾದಲ್ಲಿ ಮಾಂಸಕ್ಕಾಗಿ ಸಾವಿರಾರು ದನಗಳನ್ನು ಬಯಲಲ್ಲಿ ಬಿಟ್ಟು ಸಾಕುವವರು ಒಣ ಋತುವಿನಲ್ಲಿ ಮಾಡುವುದೂ ಇದನ್ನೇ: ಹುಲ್ಲು ಬಯಲಿನದು, ಕೊರತೆ ಬೀಳುವ ಪ್ರೋಟೀನ್ ಮತ್ತು ಖನಿಜ ಮಾತ್ರ ಅವರದು. ಅಲ್ಲಿ ಸಾಕುವ ಬ್ರಾಹ್ಮನ್ ತಳಿಯ ರಕ್ತದಲ್ಲಿ ನಮ್ಮ ಕೃಷ್ಣಾ ಕಣಿವೆ ತಳಿಯ ಪಾಲೂ ಇದೆ ಎಂಬುದು ಬೇರೆ ಮಾತು.

ದಿನಾಂಕ ಬರೆದಿಡಿ

ಹೋರಿ ಹಾರಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ದಿನಕ್ಕೆ 9 ತಿಂಗಳು 10 ದಿನ ಕೂಡಿಸಿ. ಆಗಸ್ಟ್ 10 ಆದರೆ ಮೇ 20. ನಮ್ಮ ನಾಡತಳಿಗಳು ನಾಲ್ಕೈದು ದಿನ ಮುಂದೆ ಹೋಗುವುದುಂಟು. ಅಲ್ಲಿಂದ ಮೂರು ತಿಂಗಳು ಹಿಂದಕ್ಕೆ ಬಂದರೆ ಫೆಬ್ರುವರಿ 20. ಕೈತಿಂಡಿ (ಹಿಂಡಿ, ಬೂಸ) ಶುರು ಮಾಡಬೇಕಾದ ದಿನ ಅದು. ಈ ಎರಡು ದಿನಾಂಕಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದುಬಿಡಿ. ಮೊಬೈಲಿನಲ್ಲಿ ಬರೆದದ್ದು ಮರೆತುಹೋಗುತ್ತದೆ. ಗೋಡೆ ದಿನಾ ಕಣ್ಣಿಗೆ ಬೀಳುತ್ತದೆ.

ಗೋಮಾಳದ ಹೋರಿ ಯಾವತ್ತು ಹಾರಿತೋ ಗೊತ್ತಿಲ್ಲದಿದ್ದರೆ ಪಶುವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ. ಎರಡು ಮೂರು ತಿಂಗಳು ತುಂಬಿದ ಮೇಲೆ ಕೈಯಿಟ್ಟು ನೋಡಿ ಎಷ್ಟು ತಿಂಗಳೆಂದು ಅಂದಾಜು ಹೇಳುತ್ತಾರೆ. ಗಬ್ಬವೇ ಇಲ್ಲದ ಹಸುವಿಗೆ ಮೂರು ತಿಂಗಳು ಹಿಂಡಿ ಹಾಕಿದವರನ್ನು ನಾನು ಬಲ್ಲೆ.

ಹಿಂದಿನ ಕರು ಇನ್ನೂ ಕುಡಿಯುತ್ತಿದ್ದರೆ, ಅಥವಾ ನೀವು ಹಾಲು ಕರೆಯುತ್ತಿದ್ದರೆ, ಈಯುವುದಕ್ಕೆ 60 ದಿನ ಮೊದಲು ಬತ್ತಿಸಲೇಬೇಕು. ಈ ವಿಷಯದಲ್ಲಿ ಚೌಕಾಸಿಗೆ ಜಾಗವಿಲ್ಲ.

ಕಣ್ಣಿಗಿಂತ ಕೈಯನ್ನು ನಂಬಿ

ತುಂಬು ಗಬ್ಬದ ಹಸುವಿನ ಹೊಟ್ಟೆ ನೋಡಿ ಮೋಸ ಹೋಗುವುದು ಸುಲಭ. ಹೊಟ್ಟೆ ಇಳಿಬಿದ್ದಿರುತ್ತದೆ, ದಪ್ಪಗೆ ಕಾಣುತ್ತದೆ. ಹಾಗಾಗಿ ಹೊಟ್ಟೆಯನ್ನು ಬಿಟ್ಟು ಮೂರು ಕಡೆ ಕೈಯಾಡಿಸಿ.

ಮೊದಲನೆಯದು ಪಕ್ಕೆಲುಬು. ಮುಂಗಾಲಿನ ಹಿಂದಿನಿಂದ ಅಂಗೈಯನ್ನು ಹಗುರವಾಗಿ ಎಳೆಯುತ್ತಾ ಬನ್ನಿ. ಹತ್ತು ಹೆಜ್ಜೆ ದೂರದಿಂದಲೇ ಎಲುಬುಗಳು ಎಣಿಕೆಗೆ ಸಿಗುತ್ತಿದ್ದರೆ ಹಸು ಸೊರಗಿದೆ. ಕಡೆಯ ಎರಡು ಎಲುಬು ಮಾತ್ರ ಕಣ್ಣಿಗೆ ಕಂಡು, ಉಳಿದವು ಕೈಗೆ ಸುಲಭವಾಗಿ ತಾಗಿದರೆ ಸರಿಯಾದ ಮೈ. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಾಗಿದೆ. ಮೇಯುವ ಹಳ್ಳಿಕಾರ್‌ನಲ್ಲಿ ಈ ಕೊನೆಯದನ್ನು ನಾನು ನೋಡಿದ್ದೇ ಕಡಿಮೆ. ಎರಡನೆಯದು ಬಾಲದ ಬುಡ: ಎರಡೂ ಪಕ್ಕ ಆಳವಾದ ಗುಳಿ ಬಿದ್ದು ಚರ್ಮ ಎಲುಬಿಗೆ ಅಂಟಿದ್ದರೆ ಅಪಾಯದ ಗುರುತು. ಮೂರನೆಯದು ಡುಬ್ಬ. ಸೊರಗುತ್ತಾ ಹೋದಂತೆ ಅದು ಸಣ್ಣದಾಗಿ, ಒಂದು ಕಡೆಗೆ ವಾಲುತ್ತದೆ.

ಹಳ್ಳಿಕಾರ್ ಹುಟ್ಟಿನಿಂದಲೇ ಸಪೂರ ಮೈಯದು. ಪಕ್ಕದ ಮನೆಯ ಜೆರ್ಸಿಯ ಜೊತೆ ಹೋಲಿಸಿ ಗಾಬರಿಯಾಗಬೇಡಿ. ನಿಮ್ಮ ಹಸುವನ್ನು ಅದರದೇ ದೀಪಾವಳಿಯ ಮೈಯೊಂದಿಗೆ ಹೋಲಿಸಿ.

ಕೈಯಾಡಿಸಿ ನೋಡುವ ಕೆಲಸ ಜನವರಿಯಲ್ಲೇ ಆಗಬೇಕು. ಆರು, ಏಳನೆಯ ತಿಂಗಳಲ್ಲಿ ಸೊರಗಿದ ಹಸುವಿಗೆ ಮೈ ತುಂಬಿಸುವುದು ಅಗ್ಗ. ಒಂಬತ್ತರಲ್ಲಿ ತುಂಬಿಸುವುದು ದುಬಾರಿ, ಈದ ಮೇಲೆ ಹೆಚ್ಚುಕಡಿಮೆ ಅಸಾಧ್ಯ. ಆಗ ಹಾಕಿದ್ದೆಲ್ಲ ಹಾಲಾಗಿ ಹೋಗುತ್ತದೆ.

ಸಗಣಿ ಓದಿ

ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪರೀಕ್ಷೆ ಇದು. ಕಾಸು ಖರ್ಚಿಲ್ಲ, ಡಾಕ್ಟರೂ ಬೇಡ.

ಬೆಳಿಗ್ಗೆ ಕೊಟ್ಟಿಗೆ ಬಾಚುವ ಮೊದಲು ಸಗಣಿಯ ಆಕಾರ ನೋಡಿ. ಮಳೆಗಾಲದ ಸಗಣಿ ನೆಲಕ್ಕೆ ಬಿದ್ದು ಹರಡಿ, ಮಧ್ಯದಲ್ಲಿ ಸಣ್ಣ ಗುಳಿಯಾಗಿ ತಟ್ಟೆಯಂತೆ ಕೂರುತ್ತದೆ. ಬೇಸಿಗೆಯಲ್ಲಿ ಪ್ರೋಟೀನ್ ಕಡಿಮೆಯಾದಾಗ ಅದು ಹರಡುವುದಿಲ್ಲ. ಒಂದರ ಮೇಲೊಂದು ಬಿಲ್ಲೆ ಜೋಡಿಸಿದಂತೆ ಗಟ್ಟಿಯಾಗಿ ನಿಲ್ಲುತ್ತದೆ, ಕೆಲವೊಮ್ಮೆ ಕುದುರೆ ಲದ್ದಿಯಂತೆ ಉಂಡೆ ಉಂಡೆ. ಒಂದು ಹಿಡಿ ತೆಗೆದುಕೊಂಡು ಬೆರಳುಗಳ ನಡುವೆ ಉಜ್ಜಿ. ಅರ್ಧ ಬೆರಳುದ್ದದ ಹುಲ್ಲಿನ ಎಳೆಗಳು ಹಾಗೇ ಕೈಗೆ ಸಿಕ್ಕರೆ, ಹಸು ತಿಂದದ್ದು ಅರಗದೆ ಹೊರಗೆ ಬರುತ್ತಿದೆ ಎಂದರ್ಥ. ಬೆರಣಿ ತಟ್ಟುವ ಹೆಂಗಸರಿಗೆ ಈ ವ್ಯತ್ಯಾಸ ಯಾವತ್ತಿನಿಂದಲೂ ಗೊತ್ತು. ಬೇಸಿಗೆಯ ಸಗಣಿಗೆ ನೀರು ಕಲಸದೆ ತಟ್ಟಲು ಬರುವುದಿಲ್ಲ ಎನ್ನುತ್ತಾರೆ. ಅದನ್ನು ಹಸುವಿನ ಆಹಾರದ ವರದಿಯಾಗಿ ನಾವು ಓದಲಿಲ್ಲ, ಅಷ್ಟೇ.

ಹಿಂಡಿ ಶುರು ಮಾಡಿದ ಒಂದು ವಾರ, ಹತ್ತು ದಿನದಲ್ಲಿ ಸಗಣಿ ಮೆತ್ತಗಾಗಿ ಹರಡತೊಡಗುತ್ತದೆ. ಹಾಗಾಗದಿದ್ದರೆ ಅಳತೆ ಸಾಲದು, ಅಥವಾ ಹಸು ನೀರು ಕುಡಿಯುತ್ತಿಲ್ಲ, ಅಥವಾ ಹೊಟ್ಟೆಯಲ್ಲಿ ಜಂತುಹುಳುಗಳಿವೆ. ಜಂತುವಿನ ಔಷಧಿಯನ್ನು ಮಾತ್ರ ಅಂಗಡಿಯವನನ್ನು ಕೇಳಿ ಹಾಕಬೇಡಿ. ಗಬ್ಬದ ಹಸುವಿಗೆ ಕೊಡಬಾರದವು ಅವುಗಳಲ್ಲಿವೆ. ಪಶುವೈದ್ಯರಿಗೆ ಎಷ್ಟು ತಿಂಗಳೆಂದು ಹೇಳಿಯೇ ತನ್ನಿ.

ಮೇಯುವ ಜಾಗದಲ್ಲಿ ಒಣಹುಲ್ಲು ಇದೆಯೇ, ಹುಲ್ಲೇ ಇಲ್ಲವೇ ಎಂಬುದನ್ನೂ ಇದೇ ಹೊತ್ತಿನಲ್ಲಿ ತೀರ್ಮಾನಿಸಿ. ಒಣಗಿದ್ದರೂ ಬಾಯಿ ತುಂಬ ಹುಲ್ಲು ಸಿಗುವಂತಿದ್ದರೆ ಹಿಂಡಿ ಕೆಲಸ ಮಾಡುತ್ತದೆ. ನೆಲ ಬೋಳಾಗಿದ್ದರೆ ಹಿಂಡಿಯೊಂದರಿಂದ ಏನೂ ಆಗದು. ಮೊದಲು ಬಣವೆಯಿಂದ ಹುಲ್ಲು ಹಿರಿಯಬೇಕು. ಬೋಳು ನೆಲದಲ್ಲಿ ಹಸುವನ್ನು ಮೈಲಿಗಟ್ಟಲೆ ನಡೆಸುವುದಕ್ಕಿಂತ ಮಧ್ಯಾಹ್ನ ನೆರಳಿಗೆ ತಂದು ಕಟ್ಟಿ ರಾಗಿ ಹುಲ್ಲು ಹಾಕುವುದು ಮೇಲು. ಮೈಸೂರು ಸಂಸ್ಥಾನದ ಅಮೃತ ಮಹಲ್ ಕಾವಲುಗಳನ್ನು (ಸಂಸ್ಥಾನದ ದನಗಳ ಹುಲ್ಲುಗಾವಲುಗಳನ್ನು) ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದ್ದರು. ಕೆರೆ ಮತ್ತು ನೆರಳು ಇರುವ ಕಾವಲುಗಳು ಬೇಸಿಗೆಗೆ ಮೀಸಲು. ನಮಗೆ ಅಂಥ ಕಾವಲಿನ ಭಾಗ್ಯವಿಲ್ಲ. ಆದರೆ ಹೊಲದ ಬದುವಿನದೊಂದು ಪಟ್ಟಿಯನ್ನು ಡಿಸೆಂಬರಿನಿಂದಲೇ ಮೇಯಿಸದೆ ಬಿಟ್ಟು ಗಬ್ಬದ ಹಸುವಿಗೆ ಉಳಿಸಿಕೊಳ್ಳಬಹುದು.

ಲೆಕ್ಕ

250 ಕಿಲೋ ತೂಗುವ ಹಸು ಎಂದುಕೊಳ್ಳಿ. ಅದು ದಿನಕ್ಕೆ ತೇವ ಕಳೆದು ಸುಮಾರು 6 ಕಿಲೋ ಮೇವು ತಿನ್ನುತ್ತದೆ. ಶೇ. 4ರ ಒಣಹುಲ್ಲಾದರೆ ಅದರಿಂದ ಸಿಗುವ ಪ್ರೋಟೀನ್ 240 ಗ್ರಾಂ. ಕೊನೆಯ ಮೂರು ತಿಂಗಳ ಗಬ್ಬಕ್ಕೆ ಮೇವಿನ ಶೇ. 8ರಷ್ಟು, ಅಂದರೆ 480 ಗ್ರಾಂ ಬೇಕು. ಕೊರತೆ 240 ಗ್ರಾಂ. ಈ ಕೊರತೆಯನ್ನು ಯಾವುದರಿಂದ ತುಂಬಿಸುತ್ತೀರಿ ಎಂಬುದು ನಿಮ್ಮೂರಿನಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ನಿಂತಿದೆ.

ಕಡಲೆಕಾಯಿ ಹಿಂಡಿಯಲ್ಲಿ ಶೇ. 40ಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ, ಆದ್ದರಿಂದ ಅರ್ಧ ಕಿಲೋಗಿಂತ ಸ್ವಲ್ಪ ಮೇಲಾದರೆ ಸಾಕು. ಸಿಪ್ಪೆ ಸಮೇತ ಅರೆದ ಹತ್ತಿಕಾಳು ಹಿಂಡಿ ಶೇ. 22ರ ಆಸುಪಾಸು. ಅದಾದರೆ ಒಂದು ಕಿಲೋ ಮೇಲೆ ಒಂದು ಹಿಡಿ. ತಿಪಟೂರು, ಅರಸೀಕೆರೆ ಕಡೆ ಸಿಗುವ ಕೊಬ್ಬರಿ ಹಿಂಡಿಗೂ, ಬೇಯಿಸಿದ ಅಥವಾ ನುಚ್ಚು ಮಾಡಿದ ಹುರುಳಿಗೂ ಹೆಚ್ಚುಕಡಿಮೆ ಅದೇ ಅಳತೆ. ನಮ್ಮ ಅಜ್ಜಿ ಗಬ್ಬದ ಹಸುವಿಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು. ಅವರಿಗೆ ಪ್ರೋಟೀನ್ ಎಂಬ ಪದ ಗೊತ್ತಿರಲಿಲ್ಲ. ರಾಗಿ ಇದ್ದ ಮನೆಯಲ್ಲಿ ಹಸುವಿಗೆ ರಾಗಿ ಬಿಟ್ಟು ಹುರುಳಿಯನ್ನೇ ಏಕೆ ಬೇಯಿಸುತ್ತಿದ್ದರು ಎಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು.

ಹಾಲಿನ ಸಂಘದಲ್ಲಿ ಸಿಗುವ ಪಶು ಆಹಾರದ ಚೀಲದ ಮೇಲೆ ಕಚ್ಚಾ ಪ್ರೋಟೀನ್ ಶೇ. 20 ಅಥವಾ 22 ಎಂದು ಮುದ್ರಿಸಿರುತ್ತಾರೆ. ಅದಾದರೆ ಒಂದರಿಂದ ಒಂದೂಕಾಲು ಕಿಲೋ. ಗೋಧಿ ಬೂಸ, ತೊಗರಿ ಚುನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಹೊಟ್ಟು) ಶೇ. 15ರ ಹತ್ತಿರದವು. ಇವನ್ನೇ ನಂಬಿದರೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಹಿಂಡಿಯ ಜೊತೆ ಬೆರೆಸಲು ಇವು ಒಳ್ಳೆಯವು.

ಯಾವುದು ಅಗ್ಗ ಎಂದು ಕಿಲೋ ದರ ನೋಡಿ ತೀರ್ಮಾನಿಸಬೇಡಿ. ದರವನ್ನು ಪ್ರೋಟೀನ್‌ನಿಂದ ಭಾಗಿಸಿ. ಉದಾಹರಣೆಗೆ, ಕಡಲೆಕಾಯಿ ಹಿಂಡಿ ಕಿಲೋಗೆ 63 ರೂಪಾಯಿ, ಹತ್ತಿಕಾಳು ಹಿಂಡಿ 44 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಶೇ. 42 ಇದ್ದರೆ 100 ಗ್ರಾಂ ಪ್ರೋಟೀನ್‌ಗೆ 15 ರೂಪಾಯಿ ಬಿತ್ತು. ಎರಡನೆಯದರಲ್ಲಿ ಶೇ. 22 ಇದ್ದರೆ 20 ರೂಪಾಯಿ. ಅಂಗಡಿಯಲ್ಲಿ ಅಗ್ಗವಾಗಿ ಕಂಡದ್ದು ಗೋದಲಿಯಲ್ಲಿ ದುಬಾರಿಯಾಯಿತು.

ಇನ್ನು ಕಾಸಿಲ್ಲದ ಪ್ರೋಟೀನ್. ಬದುವಿನ ಗ್ಲಿರಿಸಿಡಿಯಾ, ಸುಬಾಬುಲ್, ಚೊಗಚೆ, ನುಗ್ಗೆ ಸೊಪ್ಪುಗಳಲ್ಲಿ ನೀರಿನಂಶ ಕಳೆದರೆ ಶೇ. 20ರ ಸುತ್ತಮುತ್ತ ಪ್ರೋಟೀನ್ ಇದೆ. 3 ಕಿಲೋ ಹಸಿ ಸೊಪ್ಪು ಕೊಟ್ಟರೆ ಸುಮಾರು 150 ಗ್ರಾಂ ಪ್ರೋಟೀನ್ ಬಂತು, ಹಿಂಡಿಯ ಖರ್ಚು ಅರ್ಧಕ್ಕೂ ಕೆಳಗಿಳಿಯಿತು. ಗ್ಲಿರಿಸಿಡಿಯಾದ ವಾಸನೆಗೆ ಹಸು ಮೊದಮೊದಲು ಮುಖ ತಿರುಗಿಸುತ್ತದೆ. ಬೆಳಿಗ್ಗೆ ಕಡಿದು ಸಂಜೆಯವರೆಗೆ ಬಾಡಿಸಿ, ಮೇಲೆ ಒಂದು ಹಿಡಿ ಬೂಸ ಉದುರಿಸಿ. ನಾಲ್ಕು ದಿನಕ್ಕೆ ರೂಢಿಯಾಗುತ್ತದೆ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಿರಲಿ.

ಹಸಿ ಸೊಪ್ಪಿನಿಂದ ಇನ್ನೊಂದು ಲಾಭವಿದೆ. ತಿಂಗಳುಗಟ್ಟಲೆ ಒಣಹುಲ್ಲನ್ನೇ ತಿಂದ ಹಸುವಿನಲ್ಲಿ ವಿಟಮಿನ್ ಎ ಬರಿದಾಗುತ್ತದೆ. ಕುರುಡು ಅಥವಾ ನಿಶ್ಶಕ್ತ ಕರು, ಈದ ಮೇಲೆ ಕಸ (ಮಾಸು) ಬೀಳದಿರುವುದು, ಇವಕ್ಕೆ ಅದೂ ಒಂದು ಕಾರಣ. ದಿನಕ್ಕೆ ಎರಡು ಮೂರು ಕಿಲೋ ಹಸಿರು ಸೊಪ್ಪು ಹೊಟ್ಟೆಗೆ ಹೋದರೆ ಆ ಚಿಂತೆ ಇರುವುದಿಲ್ಲ.

ಹಾಕುವ ಹೊತ್ತು, ಹಾಕುವ ಬಗೆ

ಮೊದಲ ಮೂರು ದಿನ ಕಾಲು ಕಿಲೋ, ಆಮೇಲೆ ಅರ್ಧ ಕಿಲೋ, ಹೀಗೆ ಹತ್ತು ದಿನಕ್ಕೆ ಪೂರ್ತಿ ಅಳತೆಗೆ ಬನ್ನಿ. ಹಿಂಡಿ ನೆನೆಸುವುದಾದರೆ ಎರಡು ಗಂಟೆ ಸಾಕು. ರಾತ್ರಿಯೆಲ್ಲ ನೆನೆಸಿದ್ದು ಬೇಸಿಗೆಯ ಬಿಸಿಗೆ ಹುಳಿಯಾಗುತ್ತದೆ.

ಸಂಜೆ ಹಸು ಮನೆಗೆ ಬಂದ ಮೇಲೆ ಮೊದಲು ನೀರು, ಆಮೇಲೆ ಹಿಂಡಿ, ಆಮೇಲೆ ರಾತ್ರಿಗೆ ಹುಲ್ಲು. ಬೆಳಿಗ್ಗೆ ಹಿಂಡಿ ತಿಂದು ಹೊರಟ ಹಸು ಗೋಮಾಳದಲ್ಲಿ ನೆರಳು ಹುಡುಕುತ್ತದೆ, ಬಾಯಾಡಿಸುವುದಿಲ್ಲ. ಸಂಜೆ ಹಾಕುವುದಕ್ಕೆ ಇನ್ನೊಂದು ಕಾರಣವೂ ಇದೆ. ದಿನದ ಮುಖ್ಯ ಆಹಾರವನ್ನು ಕತ್ತಲಾಗುವ ಹೊತ್ತಿಗೆ ಕೊಟ್ಟರೆ ಹೆಚ್ಚು ಹಸುಗಳು ಹಗಲಿನಲ್ಲಿ ಈಯುತ್ತವೆ ಎಂದು ಕೆನಡಾದ ಮ್ಯಾನಿಟೋಬಾದ ದನ ಸಾಕಣೆಗಾರರೊಬ್ಬರು ಕಂಡುಕೊಂಡರು. ಆಮೇಲಿನ ಪ್ರಯೋಗಗಳಲ್ಲೂ ಅದು ನಿಜವೆಂದು ಕಂಡಿತು. ನಮ್ಮ ಮನೆಯಲ್ಲಿ ಸಂಜೆ ಹಿಂಡಿಗೆ ಬದಲಾದ ಮೇಲೆ ಈದ ಮೂರು ಹಸುಗಳಲ್ಲಿ ಎರಡು ಹಗಲಿನಲ್ಲಿ ಈದವು. ಮೂರರ ಲೆಕ್ಕ ಏನನ್ನೂ ಸಾಬೀತು ಮಾಡುವುದಿಲ್ಲ, ಆದರೆ ಲಾಟೀನು ಹಿಡಿದು ಕೂರುವುದು ತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ.

ನಾಲ್ಕೈದು ಹಸುಗಳಿದ್ದರೆ ಒಂದು ತೊಂದರೆ ಎದುರಾಗುತ್ತದೆ. ಜೋರಿನ ಹಸು ಕೊಂಬು ಬೀಸಿ ಎಲ್ಲರ ಪಾಲನ್ನೂ ತಿನ್ನುತ್ತದೆ. ನಿಜವಾಗಿ ಬೇಕಾದ ಮೊದಲ ಗಬ್ಬದ ಕಡಸು ಹಿಂದೆ ನಿಂತು ನೋಡುತ್ತದೆ. ಕಡಸಿಗೆ ಹೊಟ್ಟೆಯೊಳಗಿನ ಕರುವಿನ ಜೊತೆ ತನ್ನ ಮೈಯನ್ನೂ ಬೆಳೆಸಿಕೊಳ್ಳಬೇಕಾದ ಹೊರೆ ಇದೆ. ಅದನ್ನು ಬೇರೆ ಕಟ್ಟಿ, ಕಾಲು ಕಿಲೋ ಹೆಚ್ಚೇ ಹಾಕಿ. ಕಟ್ಟುವ ಅನುಕೂಲವಿಲ್ಲದವರು ಎರಡು ದಿನದ ಹಿಂಡಿಯನ್ನು ಸೇರಿಸಿ ದಿನ ಬಿಟ್ಟು ದಿನ ಹಾಕಬಹುದು. ರಾಶಿ ದೊಡ್ಡದಾದರೆ ಜೋರಿನವು ತಿಂದು ಮುಗಿಸುವ ಮೊದಲು ಪುಕ್ಕಲಿಗೂ ನಾಲ್ಕು ಬಾಯಿ ಸಿಗುತ್ತದೆ. ಮೇಯುವ ದನಗಳಲ್ಲಿ ಹೀಗೆ ಹಾಕಿದರೂ ಫಲ ಕಡಿಮೆಯಾಗುವುದಿಲ್ಲ. ಇದು ಹಿಂಡಿಗೆ ಮಾತ್ರ. ಧಾನ್ಯಕ್ಕೂ ಯೂರಿಯಾ ಇರುವ ಯಾವುದಕ್ಕೂ ಈ ಉಪಾಯ ಮಾಡಬೇಡಿ.

ಹಾಗಾದರೆ ಧಾನ್ಯವೇ ಬೇಡವೇ? ಪ್ರೋಟೀನ್ ಸರಿಹೋದ ಮೇಲೂ, ಎಂಟನೆಯ ತಿಂಗಳು ಕಳೆದರೂ ಪಕ್ಕೆಲುಬು ಕಾಣುತ್ತಿದ್ದರೆ ದಿನಕ್ಕೆ ಅರ್ಧ ಕಿಲೋ ಮುಸುಕಿನ ಜೋಳದ ಅಥವಾ ರಾಗಿಯ ನುಚ್ಚನ್ನು ಹಿಂಡಿಯ ಜೊತೆ ಬೆರೆಸಿ. ಹಿಂಡಿಯ ಬದಲಿಗೆ ಮಾತ್ರ ಬೇಡ.

ಹೆಚ್ಚು ಹಾಕಿದರೆ ಕರು ದಪ್ಪಗಾಗಿ ಈಯಲು ಕಷ್ಟವಾಗುತ್ತದೆ ಎಂಬ ಮಾತು ಪ್ರತಿ ಊರಿನಲ್ಲೂ ಇದೆ. ಮೈತುಂಬ ಕೊಬ್ಬು ಕಟ್ಟಿದ ಹಸುವಿನ ವಿಷಯದಲ್ಲಿ ಅದು ಸುಳ್ಳಲ್ಲ. ಆದರೆ ಆ ಭಯದಿಂದ ಸೊರಗಿದ ಹಸುವನ್ನು ಇನ್ನಷ್ಟು ಸೊರಗಿಸಿದರೆ ಸಿಗುವುದು ಈಯುವಾಗ ತಿಣುಕಲೂ ಶಕ್ತಿಯಿಲ್ಲದ ತಾಯಿ, ಎದ್ದು ನಿಲ್ಲಲಾರದ ಕರು. ಮೇಲೆ ಹೇಳಿದ ಅಳತೆಯಲ್ಲಿ ಮೇಯುವ ಹಸು ಕೊಬ್ಬುವುದು ದೂರದ ಮಾತು.

ಯೂರಿಯಾ ಹುಲ್ಲು, ನೆಕ್ಕುವ ಇಟ್ಟಿಗೆ

100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ 21 ದಿನ ಬಿಟ್ಟರೆ ಹುಲ್ಲು ಮೆತ್ತಗಾಗಿ ಪ್ರೋಟೀನ್ ಏರುತ್ತದೆ. ಹಾಕುವ ಮೊದಲು ಒಂದು ಗಂಟೆ ಹರಡಿ ಗಾಳಿಗೆ ಬಿಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಐದಾರು ದನ, ದೊಡ್ಡ ಬಣವೆ ಇರುವವರಿಗೆ ಇದು ಲಾಭದ ಕೆಲಸ. ಒಂದೆರಡು ಹಸು ಇರುವವರಿಗೆ ನಾನು ಹೇಳುವುದಿಲ್ಲ. ಯೂರಿಯಾ ಕರಗಿಸಿದ ಬಕೆಟ್ಟನ್ನು ಅಂಗಳದಲ್ಲಿ ಬಿಟ್ಟು ಊಟಕ್ಕೆ ಹೋದರೆ, ಬಾಯಾರಿ ಬಂದ ಹಸು ಅದನ್ನು ಕುಡಿದು ಅಲ್ಲೇ ಬಿದ್ದು ಸಾಯುತ್ತದೆ. ನಮ್ಮ ಗೊಬ್ಬರದ ಚೀಲಗಳೂ ದನದ ಹಗ್ಗಗಳೂ ಒಂದೇ ಮೂಲೆಯಲ್ಲಿರುತ್ತವೆ ಎಂಬುದನ್ನು ಮರೆಯಬಾರದು.

ಯೂರಿಯಾ, ಕಾಕಂಬಿ, ಖನಿಜ ಸೇರಿಸಿ ಮಾಡಿದ ನೆಕ್ಕುವ ಇಟ್ಟಿಗೆ ಸಿಕ್ಕರೆ ಅದು ಇದಕ್ಕಿಂತ ಸಲೀಸು. ಹಸು ಹುಲ್ಲು ತಿಂದ ಮೇಲೆ ಇಡಿ, ಹಸಿದ ಹೊಟ್ಟೆಗೆ ಬೇಡ. ಮಳೆಗೆ ಕರಗದಂತೆ ನೋಡಿಕೊಳ್ಳಿ. ನೆಕ್ಕಬೇಕು, ಕಚ್ಚಿ ತಿನ್ನಬಾರದು.

ಖನಿಜ, ಉಪ್ಪು, ನೀರು

ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಅಡುಗೆ ಉಪ್ಪು 30 ಗ್ರಾಂ, ಹಿಂಡಿಯಲ್ಲೇ ಬೆರೆಸಿ. ಹಸು ಮೂಳೆ ಕಡಿಯುವುದು, ಬಟ್ಟೆ ಜಗಿಯುವುದು, ಗೋಡೆ ನೆಕ್ಕುವುದು ಮಾಡುತ್ತಿದ್ದರೆ ರಂಜಕವೋ ಉಪ್ಪೋ ಕಡಿಮೆಯಾಗಿರಬಹುದು. ಅದನ್ನು ಚಾಳಿ ಎಂದು ಬೈಯಬೇಡಿ. ಹೆಚ್ಚು ಹಾಲಿನ ಮಿಶ್ರತಳಿ ಹಸುವೂ ನಿಮ್ಮಲ್ಲಿದ್ದರೆ ಅದಕ್ಕೆ ಈಯುವ ಮುಂಚಿನ ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ಈದ ಕೂಡಲೇ ಹಾಲುಜ್ವರ ಬರಲು ಅದೂ ಒಂದು ದಾರಿ.

ಬೇಸಿಗೆಯಲ್ಲಿ ಒಣಮೇವು ತಿನ್ನುವ ಹಸುವಿಗೆ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕು. ನೀರು ಕಡಿಮೆಯಾದರೆ ಹುಲ್ಲೂ ಕಡಿಮೆಯಾಗುತ್ತದೆ. ಕೆರೆ ಬತ್ತಿದ ಮೇಲೆ ಮಧ್ಯಾಹ್ನ ಒಮ್ಮೆ ಮನೆಗೆ ಹೊಡೆದುಕೊಂಡು ಬಂದು ತೊಟ್ಟಿ ತೋರಿಸಿ.

ಈ ಕಾಲದಲ್ಲಿ ಹಸು ಸಾಯುವ ದಾರಿಗಳು

ಜಾತ್ರೆ, ಮದುವೆಗಳ ಕಾಲ ಇದೇ. ಚಪ್ಪರದ ಹಿಂದೆ ಸುರಿದ ಅನ್ನ, ಪಾಯಸವನ್ನು ಹಸು ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ರಾತ್ರಿಗೆ ಹೊಟ್ಟೆ ಹುಳಿಯಾಗಿ ಹಲ್ಲು ಕಡಿಯುತ್ತದೆ, ಬೆಳಿಗ್ಗೆ ಏಳುವುದಿಲ್ಲ. ಮಿಕ್ಕ ಅನ್ನವನ್ನು ಪುಣ್ಯವೆಂದು ದನಕ್ಕೆ ಹಾಕುವವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ. ಹಸುವನ್ನು ಕಟ್ಟಿಹಾಕುವುದು ಸುಲಭ.

ಮೊದಲ ಮಳೆ ಬಿದ್ದು ಕೂಳೆ ಜೋಳ ಚಿಗುರಿದಾಗ ಆ ಹೊಲಕ್ಕೆ ಬಿಡಬೇಡಿ. ಎಳೆಯ, ನೀರಿಲ್ಲದೆ ಬಾಡಿದ ಜೋಳದ ಚಿಗುರಿನಲ್ಲಿ ಸಯನೈಡ್ ವಿಷ ಇರುತ್ತದೆ. ಹಸು ನಿಮಿಷಗಳಲ್ಲಿ ಉಸಿರುಗಟ್ಟಿ ಬೀಳುತ್ತದೆ. ಬೇರೇನೂ ಸಿಗದಿದ್ದಾಗ ದನಗಳು ಲಂಟಾನ ಸೊಪ್ಪಿಗೂ ಬಾಯಿ ಹಾಕುತ್ತವೆ. ಮೂತಿ ಒಡೆದು, ಕಣ್ಣು ಹಳದಿಯಾಗಿ, ಬಿಸಿಲಿಗೆ ಬರಲು ಒಪ್ಪದಿದ್ದರೆ ಅದೇ ಕಾರಣವಿರಬಹುದು. ಕೂಡಲೇ ನೆರಳಿಗೆ ಕಟ್ಟಿ ವೈದ್ಯರನ್ನು ಕರೆಸಿ.

ಹಿಂಡಿ ಕೊಳ್ಳುವಾಗ ಹೊಂಗೆ, ಬೇವು, ಹರಳು ಹಿಂಡಿಗಳು ಗೊಬ್ಬರಕ್ಕೆ ಮಾತ್ರ ಎಂಬುದು ನೆನಪಿರಲಿ. ಅಂಗಡಿಯಲ್ಲಿ ಅವೂ ಪಕ್ಕದಲ್ಲೇ ಒಂದೇ ಬಣ್ಣದ ಚೀಲದಲ್ಲಿ ಕೂತಿರುತ್ತವೆ. ಹರಳು ಹಿಂಡಿಯಂತೂ ಶುದ್ಧ ವಿಷ. ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಕಡಲೆಕಾಯಿ ಹಿಂಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.

ಮೊದಲ ಮಳೆಯ ನಂತರ

ಏಪ್ರಿಲ್ ಕೊನೆಯಲ್ಲಿ ಒಂದೆರಡು ಮಳೆ ಬಿದ್ದು ನೆಲ ಹಸಿರಾದ ಕೂಡಲೇ ಬಹಳ ಜನ ಹಿಂಡಿ ನಿಲ್ಲಿಸುತ್ತಾರೆ. ಆ ಹಸಿರು ಕಣ್ಣಿಗೆ ಮಾತ್ರ. ಬೆರಳುಗುರಿನಷ್ಟು ಚಿಗುರಿಗಾಗಿ ಹಸು ದಿನವಿಡೀ ಅಲೆಯುತ್ತದೆ. ಒಣಹುಲ್ಲಿಗೆ ಬಾಯಿ ಹಾಕುವುದಿಲ್ಲ, ಹಸಿರಿನಿಂದ ಹೊಟ್ಟೆ ತುಂಬುವುದಿಲ್ಲ, ಮೇಲೆ ಭೇದಿ. ಮೂರು ತಿಂಗಳು ಕಾಪಾಡಿಕೊಂಡ ಮೈ ಹದಿನೈದು ದಿನದಲ್ಲಿ ಇಳಿಯುವುದು ಹೀಗೆ, ಅದೂ ಈಯುವ ಮುಂಚಿನ ವಾರಗಳಲ್ಲಿ. ಬೆಳಿಗ್ಗೆ ಒಂದಿಷ್ಟು ಹುಲ್ಲು ತಿನ್ನಿಸಿಯೇ ಹೊರಗೆ ಬಿಡಿ. ಹಿಂಡಿಯನ್ನು ಹಾಗೇ ಮುಂದುವರಿಸಿ.

ಕರು ಹುಟ್ಟಿದ ಮೇಲೆ ಎರಡು ಗಂಟೆಯೊಳಗೆ ಗಿಣ್ಣು ಹಾಲು ಅದರ ಹೊಟ್ಟೆ ಸೇರಬೇಕು. ಕಸ ಬೀಳಲಿ ಎಂದು ಕಾಯಬೇಡಿ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 20 ಕಿಲೋ ಕರುವಿಗೆ 2 ಲೀಟರ್, ಮೂರು ನಾಲ್ಕು ಸಲ ಹಂಚಿ ಕುಡಿಯಲಿ. ತಾಯಿಯ ಹಿಂಡಿಯನ್ನು ಈದ ದಿನ ಅರ್ಧಕ್ಕಿಳಿಸಿ, ಮತ್ತೆ ವಾರದಲ್ಲಿ ಪೂರ್ತಿ ಅಳತೆಗೆ ತನ್ನಿ. ಈಗ ಹಾಲೂ ಸೇರಿ ಅದರ ಬೇಡಿಕೆ ಗಬ್ಬದ ಕಾಲಕ್ಕಿಂತ ಹೆಚ್ಚು.

ನಿಲ್ಲಿಸುವುದು ಯಾವಾಗ ಎಂದು ಕೇಳಿದರೆ ನಾನು ತಾರೀಖು ಹೇಳುವುದಿಲ್ಲ. ಜೂನ್ ಕಳೆದು ಹುಲ್ಲು ಗೇಣುದ್ದ ಬಂದ ಮೇಲೆ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ನೋಡಿ. ಸಗಣಿ ತಟ್ಟೆಯಂತೆ ಹರಡಿ ನಡುವೆ ಗುಳಿ ಬಿದ್ದಿದ್ದರೆ ಮೂರು ದಿನಕ್ಕೆ ಕಾಲು ಕಿಲೋದಂತೆ ಇಳಿಸುತ್ತಾ ಬನ್ನಿ. ಇಳಿಸುವಾಗ ಮತ್ತೆ ಬಿಲ್ಲೆ ಕಟ್ಟಲು ಶುರುವಾದರೆ ಅಲ್ಲೇ ನಿಲ್ಲಿಸಿ, ಇನ್ನೊಂದು ವಾರ ಕಾಯಿರಿ.